ಬಿಸಿಗೆ ಹೆದರದ ಗಾಜು, ಮುದ್ದೆ ಕೋಲಿಗೆ ಹೆದರಿತು

ನಮ್ಮ ಮನೆಯ ರಾತ್ರಿ ಊಟಕ್ಕೆ ಮೂರು ಹೆಸರು. ಅಮ್ಮ ಅದನ್ನು ಸಂಗಟಿ ಅನ್ನುತ್ತಾಳೆ. ಆನೇಕಲ್ ಕಡೆಯಿಂದ ಬಂದ ನಮ್ಮಾಕೆ ಮುದ್ದೆ ಅನ್ನುತ್ತಾಳೆ. ರೋಜಾ ಹೂವಿನ ಕೆಲಸಕ್ಕೆ ಬರುವ ಆಳುಗಳು ಕಳಿ ಅನ್ನುತ್ತಾರೆ. ಹೊಸೂರು ಸುತ್ತ ತಳಿ, ಬಾಗಲೂರು, ಕೆಳಮಂಗಲ, ಯಾವ ಕಡೆಗೆ ಹೋದರೂ ಈ ಮೂರರಲ್ಲೊಂದು ಮಾತು ಕಿವಿಗೆ ಬೀಳುತ್ತದೆ. ಹೆಸರು ಏನೇ ಇರಲಿ, ರಾಗಿ ಒಂದೇ, ತೊಳಸುವ ಕೋಲೂ ಒಂದೇ. ಆ ಕೋಲೇ ಮೂರು ವರ್ಷದ ಹಿಂದೆ ನಮ್ಮ ಮನೆಯ ಹೊಸ ಕರೆಂಟ್ ಒಲೆಯ ಗಾಜನ್ನು ಸೀಳಿತು. ಕೋಲು ಹಿಡಿದಿದ್ದವನು ನಾನೇ.

ಒಲೆ ಯಾವ ಕಂಪನಿಯದು ಅಂತ ಬರೆಯುವುದಿಲ್ಲ, ಯಾಕೆಂದರೆ ತಪ್ಪು ಒಲೆಯದಲ್ಲ. ಆ ತಪ್ಪಿನಿಂದ ಒಂದು ಜೀವಕ್ಕೆ ಕುತ್ತು ಬರುವುದು ಸ್ವಲ್ಪದರಲ್ಲಿ ತಪ್ಪಿತು. ಇನ್ನೊಂದು ಜೀವ ಆಸ್ಪತ್ರೆ ಸೇರಿತು. ಈಗ ಹಳ್ಳಿಹಳ್ಳಿಯಲ್ಲೂ ಇಂಡಕ್ಷನ್ ಸ್ಟವ್ ಕೊಳ್ಳುತ್ತಿದ್ದಾರೆ, ಅಂಗಡಿಯವರು ಮಾರುತ್ತಿದ್ದಾರೆ. ಕೊಳ್ಳುವವರಿಗೂ ಮಾರುವವರಿಗೂ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬೀಡಿ ಸೇದ್ತೀರಾ?

ಅಮ್ಮನಿಗೆ ಈಗ ಎಪ್ಪತ್ತಾರು. ಹದಿನೈದನೇ ವಯಸ್ಸಿಗೆ ಈ ಮನೆಗೆ ಸೊಸೆಯಾಗಿ ಬಂದವಳು. ಅಂದಿನಿಂದ ಸೌದೆ ಒಲೆಯ ಮುಂದೆಯೇ ಕೂತವಳು. ಐದಾರು ವರ್ಷದಿಂದ ದಮ್ಮು, ಕೆಮ್ಮು. ಹೊಸೂರಿನ ಡಾಕ್ಟರ್ ಎದೆಗೆ ಕೊಳವೆ ಇಟ್ಟು ನೋಡಿ, "ಅಮ್ಮಾ, ಬೀಡಿ ಸೇದ್ತೀರಾ?" ಅಂದರು. ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಡಾಕ್ಟರೇ ಸಮಾಧಾನವಾಗಿ ಹೇಳಿದರು, "ಬೀಡಿ ಸೇದದೆ ಇದ್ರೂ ಒಲೆ ಹೊಗೆ ಅಷ್ಟೇ ಕೆಲಸ ಮಾಡುತ್ತೆ. ಇನ್ನು ಮೇಲೆ ಹೊಗೆ ಬೇಡ."

ಇದು ನಮ್ಮ ಮನೆ ಒಂದರ ಕಥೆಯಲ್ಲ. ಮನೆಯೊಳಗಿನ ಒಲೆ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ.

ಗ್ಯಾಸ್ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು. ಆದರೆ ಎಂಟು ಜನಕ್ಕೆ ಮುದ್ದೆ ತೊಳಸುವಾಗ ಗ್ಯಾಸ್ ಸ್ಟವ್ ಮೇಲೆ ಪಾತ್ರೆ ನಿಲ್ಲುವುದಿಲ್ಲ, ಜಾರುತ್ತದೆ. ಅದಕ್ಕೇ ಅನ್ನ, ಸಾರು ಗ್ಯಾಸಿನ ಮೇಲೆ, ಸಂಗಟಿ ಮಾತ್ರ ಸೌದೆ ಒಲೆಯ ಮೇಲೆ. ಸಿಪ್‌ಕಾಟ್‌ನಲ್ಲಿ ಕೆಲಸಕ್ಕಿರುವ ಮಗ ಅಜ್ಜಿಯ ಕೆಮ್ಮು ನೋಡಲಾರದೆ ಇಂಡಕ್ಷನ್ ಸ್ಟವ್ ತಂದ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಿ ಪೊಯ್ಯಾ, ರೇಡಿಯೋನಾ?" ಅಂದಳು.

ಮೊದಲ ದಿನ ಹಳೆಯ ಅಲ್ಯೂಮಿನಿಯಂ ಪಾತ್ರೆ ಇಟ್ಟೆವು. ಒಲೆ ಬೀಪ್ ಬೀಪ್ ಅಂದಿತೇ ಹೊರತು ನೀರು ಬೆಚ್ಚಗೂ ಆಗಲಿಲ್ಲ. ಎರಡನೇ ದಿನ ಸೊಸೆ ತವರಿಂದ ತಂದ ದಪ್ಪ ತಳದ ಸ್ಟೀಲ್ ಪಾತ್ರೆ ಇಟ್ಟಳು. ನೀರು ಕುದಿಯಿತು, ಹಿಟ್ಟು ಬೆಂದಿತು. ಅಮ್ಮನ ಕೈಯಲ್ಲಿ ಶಕ್ತಿ ಸಾಲದು ಅಂತ ನಾನೇ ಕೋಲು ತಗೊಂಡೆ. ಒಲೆ ಕಟ್ಟೆಯ ಮೇಲಿತ್ತು, ಪಾತ್ರೆ ಗಾಜಿನ ಮೇಲಿತ್ತು. ಹೊಲ ಉತ್ತ ತೋಳಿನ ಬಲವನ್ನೆಲ್ಲ ಹಾಕಿ ಗಂಟು ಒಡೆಯೋಕೆ ತಳಕ್ಕೆ ಒತ್ತಿದೆ. ಟಕ್ ಅಂತ ಒಂದು ಸದ್ದು. ಪಾತ್ರೆ ಎತ್ತಿ ನೋಡಿದರೆ ಗಾಜಿನ ಮೇಲೆ ಕೂದಲೆಳೆಯಷ್ಟು ಗೆರೆ.

ಗೆರೆ ತಾನೇ ಅಂತ ಮೇಲೆ ಟೇಪ್ ಅಂಟಿಸಿದೆವು. ಇದು ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ವಾರದೊಳಗೆ ಒಂದು ದಿನ ಹುರುಳಿ ಸಾರು ಉಕ್ಕಿ ಆ ಬಿರುಕಿನಲ್ಲಿ ಇಳಿಯಿತು. ಸ್ಟೀಲ್ ಸೌಟು ಹಿಡಿದಿದ್ದ ನಮ್ಮಾಕೆಗೆ ಮೊಣಕೈವರೆಗೂ ಜುಮ್ ಅಂತ ಕರೆಂಟ್ ಹೊಡೆಯಿತು. ಸೌಟು ಬಿಸಾಡಿ ಹಿಂದಕ್ಕೆ ಬಿದ್ದಳು. ನೋಡಲು ಬಂದ ಎಲೆಕ್ಟ್ರಿಷಿಯನ್ ಹುಡುಗ ಪ್ಲಗ್ ಬಿಚ್ಚಿ, "ಅಣ್ಣಾ, ಇಲ್ಲಿ ಅರ್ತೇ ಇಲ್ವಲ್ಲಾ! ಅಕ್ಕ ಚಪ್ಪಲಿ ಹಾಕಿದ್ರು, ಉಳ್ಕೊಂಡ್ರು" ಅಂದ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಒಲೆ ಅಟ್ಟ ಸೇರಿತು. ಅಮ್ಮ ಮತ್ತೆ ಸೌದೆ ಹಚ್ಚಿದಳು. ಮಾಗಿ ಚಳಿಯಲ್ಲಿ ಒಂದು ರಾತ್ರಿ ಉಸಿರು ಸಿಕ್ಕದೆ ಒದ್ದಾಡಿದಾಗ ಬಾಡಿಗೆ ಕಾರಿನಲ್ಲಿ ಹೊಸೂರಿಗೆ ಓಡಿದೆವು. ಎರಡು ರಾತ್ರಿ ಆಕ್ಸಿಜನ್ ಮೇಲಿದ್ದಳು. ಆಸ್ಪತ್ರೆ ಬೆಂಚಿನ ಮೇಲೆ ಕೂತಾಗ ನನಗೆ ಅನ್ನಿಸಿದ್ದು ಇಷ್ಟೇ. ಹತ್ತು ಸಾವಿರ ಗಿಡದ ರೋಜಾ ತೋಟಕ್ಕೆ ಯಾವ ಗೊಬ್ಬರ, ಎಷ್ಟು ನೀರು ಅಂತ ತಿಳಿದುಕೊಂಡವನು ಅಡುಗೆಮನೆಗೆ ತಂದ ಸಾಮಾನಿನ ಗುಣ ತಿಳಿಯಲಿಲ್ಲವಲ್ಲ! ಅಲ್ಲಿಂದ ಕೇಳುತ್ತಾ, ಓದುತ್ತಾ, ಮಾಡುತ್ತಾ ಕಲಿತದ್ದು ಈ ಮುಂದಿನದು.

ಗಾಜಿನ ಹುಟ್ಟು

ಈ ಗಾಜು ಕಿಟಕಿಯ ಗಾಜಲ್ಲ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ಡೊನಾಲ್ಡ್ ಸ್ಟೂಕಿ ಎಂಬ ವಿಜ್ಞಾನಿ ಒಂದು ಗಾಜಿನ ಬಿಲ್ಲೆಯನ್ನು 600 ಡಿಗ್ರಿಗೆ ಕಾಯಿಸಲು ಕುಲುಮೆಯೊಳಗೆ ಇಟ್ಟರು. ಕುಲುಮೆಯ ಹಿಡಿತ ತಪ್ಪಿ ಶಾಖ 900 ಡಿಗ್ರಿಗೆ ಏರಿತು. ಗಾಜು ಕರಗಿ ಹರಿದಿರುತ್ತದೆ ಅಂತ ಬಾಗಿಲು ತೆಗೆದರೆ ಅದು ಕರಗಿರಲಿಲ್ಲ, ಹಾಲಿನಂತೆ ಬೆಳ್ಳಗಾಗಿತ್ತು. ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಕಟ್ಟಿಕೊಂಡಿದ್ದವು. ಸೆರಾಮಿಕ್ ಗಾಜು ಹುಟ್ಟಿದ್ದು ಹೀಗೆ. ಜರ್ಮನಿಯ ಶಾಟ್ ಕಂಪನಿ 1971ರಲ್ಲಿ ಇದೇ ಜಾತಿಯ ಗಾಜನ್ನು ಒಲೆಯ ಮೇಲ್ಭಾಗಕ್ಕೆ ತಂದಿತು. ಇದರಲ್ಲಿ ಲಿಥಿಯಂ ಸೇರಿದೆ. ಹೊಸೂರಿನಲ್ಲಿ ಈಗ ತಯಾರಾಗುವ ಕರೆಂಟ್ ಸ್ಕೂಟರುಗಳ ಬ್ಯಾಟರಿಯಲ್ಲಿರುವುದೂ ಅದೇ ಲಿಥಿಯಂ.

ಮಾಮೂಲಿ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಹಾಕಿದರೆ ಸೀಳುತ್ತದೆ. ಒಳಭಾಗ ಹಿಗ್ಗುತ್ತದೆ, ಹೊರಭಾಗ ಹಿಗ್ಗುವುದಿಲ್ಲ, ಜಗ್ಗಾಟದಲ್ಲಿ ಒಡೆಯುತ್ತದೆ. ಸೆರಾಮಿಕ್ ಗಾಜು ಬಿಸಿಗೆ ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಆದ್ದರಿಂದ ಬಿಸಿಗೂ ತಣ್ಣನೆಯ ನೀರಿಗೂ ಅದು ಹೆದರುವುದಿಲ್ಲ. ಆದರೆ ಸ್ಟವ್ ಮೇಲಿರುವುದು ತೆಳ್ಳನೆಯ ಹಲ್ಲೆ, ಸುಮಾರು 4 ಮಿಲಿಮೀಟರ್. ಏಟಿಗೆ, ಒಂದೇ ಕಡೆ ಬೀಳುವ ಒತ್ತಡಕ್ಕೆ ಅದೂ ಗಾಜೇ. ನನ್ನ ಕೋಲಿನ ಬಲ ಪಾತ್ರೆಯ ತಳದಿಂದ ನೇರ ಅಲ್ಲಿಗೇ ಇಳಿದಿತ್ತು.

ಅಂಗಡಿಯಲ್ಲಿ ಮೂರು ಬೇರೆ ಬೇರೆ ಸಾಮಾನನ್ನು "ಗಾಜಿನ ಸ್ಟವ್" ಅನ್ನುವ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಗ್ಲಾಸ್ ಟಾಪ್ ಗ್ಯಾಸ್ ಸ್ಟವ್‌ನಲ್ಲಿರುವುದು ಹೆಚ್ಚಾಗಿ ಟಫನ್ಡ್ ಗಾಜು. ಅಂದರೆ ಕಾಯಿಸಿ ಬೇಗ ತಣಿಸಿದ ಗಾಜು. ಅಂಚಿಗೆ ಏಟು ಬಿದ್ದರೆ ಇಡೀ ಹಲ್ಲೆ ಕಾಳಿನಂತೆ ಪುಡಿಯಾಗುತ್ತದೆ. ಎರಡನೆಯದು ಇಂಡಕ್ಷನ್. ಮೂರನೆಯದು ಇನ್ಫ್ರಾರೆಡ್, ಗಾಜಿನ ಕೆಳಗೆ ತಂತಿ ಕೆಂಪಗೆ ಕಾಯುವ ಒಲೆ. ಅದರ ಮೇಲೆ ಅಲ್ಯೂಮಿನಿಯಂ, ಹಿತ್ತಾಳೆ ಏನಿಟ್ಟರೂ ಕಾಯುತ್ತದೆ. ಆದರೆ ಗಾಜೇ ಬೆಂಕಿಯಾಗಿರುತ್ತದೆ, ಆರಿಸಿದ ಮೇಲೂ ಬಹಳ ಹೊತ್ತು ಸುಡುತ್ತದೆ. ಮಾರುವವರು ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಿದರೆ ಪುಣ್ಯ ಬರುತ್ತದೆ.

ಪಾತ್ರೆಯೇ ಒಲೆ

ಇಂಡಕ್ಷನ್ ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿ ಇದೆ, ನಮ್ಮ ಬೋರ್‌ವೆಲ್ ಮೋಟರಿನ ವೈಂಡಿಂಗ್ ಇದ್ದ ಹಾಗೆ. ಮನೆಗೆ ಬರುವ ಕರೆಂಟ್ ಸೆಕೆಂಡಿಗೆ 50 ಸಲ ಅತ್ತಿತ್ತ ತಿರುಗುತ್ತದೆ. ಒಲೆಯೊಳಗಿನ ಯಂತ್ರ ಅದನ್ನು ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಸಲ ತಿರುಗುವಂತೆ ಮಾಡಿ ಸುರುಳಿಗೆ ಕೊಡುತ್ತದೆ. ಆಗ ಏಳುವ ಕಾಂತಶಕ್ತಿ ಗಾಜನ್ನು ದಾಟಿ ಪಾತ್ರೆಯ ಕಬ್ಬಿಣದ ತಳದಲ್ಲಿ ನೀರಿನ ಸುಳಿಯಂತೆ ಕರೆಂಟ್ ಹುಟ್ಟಿಸುತ್ತದೆ. ಕಾಯುವುದು ಆ ತಳವೇ, ಗಾಜಲ್ಲ. ಗಾಜು ಬಿಸಿಯಾಗುವುದು ಪಾತ್ರೆಯ ಸಂಗದಿಂದ. ಅದಕ್ಕೇ ಪಾತ್ರೆ ಎತ್ತಿದರೆ ಒಲೆ ತಾನೇ ನಿಲ್ಲುತ್ತದೆ.

ಆದ್ದರಿಂದ ಒಲೆ ಕೊಳ್ಳುವ ಮೊದಲು ಮನೆಯ ಪಾತ್ರೆ ನೋಡಿ. ಹಳೇ ಸ್ಪೀಕರಿನದೋ ಇನ್ಯಾವುದರದೋ ಒಂದು ಅಯಸ್ಕಾಂತ ತಗೊಂಡು ತಳಕ್ಕೆ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿಕೊಂಡರೆ ಆ ಪಾತ್ರೆ ಆಗುತ್ತದೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಮಣ್ಣು, ಬಳಪದ ಕಲ್ಲು ಇವು ಆಗುವುದಿಲ್ಲ. ಸ್ಟೀಲ್ ಎಲ್ಲವೂ ಆಗುವುದಿಲ್ಲ. ತಳದಲ್ಲಿ ಅಯಸ್ಕಾಂತ ಹಿಡಿಯುವ ಸ್ಟೀಲ್ ಪದರ ಇರುವುದು ಮಾತ್ರ ಆಗುತ್ತದೆ.

ತಳ ಮಟ್ಟಸವಾಗಿರಬೇಕು. ಗುಂಡು ತಳ, ಸೊಟ್ಟ ತಳ ಬೇಡ. ಗಾಜಿನ ಮೇಲೆ ಬರೆದ ವೃತ್ತಕ್ಕೆ ತಳದ ಅಗಲ ಹೊಂದಬೇಕು. ಬಹಳ ಸಣ್ಣ ಪಾತ್ರೆಯನ್ನು ಒಲೆ ಗುರುತಿಸುವುದೇ ಇಲ್ಲ. ಬಹಳ ದೊಡ್ಡದಾದರೆ ನಡುವೆ ಸೀಯುತ್ತದೆ, ಅಂಚಿನಲ್ಲಿ ಬೇಯುವುದಿಲ್ಲ. ಕಬ್ಬಿಣದ ದೋಸೆ ಹೆಂಚಿನ ತಳ ಮಟ್ಟಸವಿದ್ದರೆ ಇಡಬಹುದು. ಆದರೆ ಮೊದಲು ಕಡಿಮೆ ಉರಿಯಲ್ಲಿ ನಿಧಾನಕ್ಕೆ ಕಾಯಿಸಿ. ಒಂದೇ ಸಲ ಮೇಲಕ್ಕೆ ಏರಿಸಿದರೆ ಹೆಂಚು ಸೊಟ್ಟಗಾಗುತ್ತದೆ.

ಇನ್ನೊಂದು ಮಾತು. ಇಲ್ಲಿ ಉರಿ ಕಾಣುವುದಿಲ್ಲ, ಆದರೆ ಎಣ್ಣೆ ಬಹಳ ಬೇಗ ಕಾಯುತ್ತದೆ. ಒಗ್ಗರಣೆಗೆ 2000 ವಾಟ್ ಇಟ್ಟು ಕರಿಬೇವು ಕೀಳಲು ಹಿತ್ತಲಿಗೆ ಹೋದರೆ ವಾಪಸ್ಸು ಬರುವ ಹೊತ್ತಿಗೆ ಬೆಂಕಿ ಹತ್ತಿರಬಹುದು. ಒಗ್ಗರಣೆಗೆ 600, 800 ವಾಟ್ ಸಾಕು, ಕಣ್ಣು ಅಲ್ಲೇ ಇರಬೇಕು. ಖಾಲಿ ಪಾತ್ರೆ ಕಾಯಿಸಬೇಡಿ.

ಮೊದಲು ಪ್ಲಗ್ ನೋಡಿ

2000 ವಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಫ್ಯಾನು, ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಪ್ಲಗ್ ಇದನ್ನು ತಡೆಯುವುದಿಲ್ಲ. 16 ಆಂಪಿಯರಿನ ದೊಡ್ಡ ಪ್ಲಗ್, ಬೋರ್ಡಿನಿಂದ ಬೇರೆಯಾಗಿ ಎಳೆದ ದಪ್ಪ ತಂತಿ, ಸರಿಯಾದ ಅರ್ತು ಇರಬೇಕು. ಇದಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿದರೆ ಇನ್ನೂ ಒಳ್ಳೆಯದು. ಒಂದು ಪಾತ್ರೆಯ ಬೆಲೆಗೆ ಜೀವಕ್ಕೆ ಕಾವಲು ಸಿಕ್ಕುತ್ತದೆ. ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಿಕ್ಕಿಸಬೇಡಿ. ಪಂಪ್‌ಸೆಟ್‌ಗೆ ಕೊಟ್ಟ ಉಚಿತ ಲೈನಿನಿಂದ ಅಡುಗೆಮನೆಗೆ ತಂತಿ ಎಳೆಯುವುದು ಕಾನೂನಿಗೂ ತಪ್ಪು, ಜೀವಕ್ಕೂ ಅಪಾಯ.

ಸಂಜೆ ಸುತ್ತಲ ಮೋಟರುಗಳೆಲ್ಲ ಓಡುವಾಗ ನಮ್ಮ ಕಡೆ ವೋಲ್ಟೇಜ್ ಇಳಿಯುತ್ತದೆ. ಆಗ ಒಲೆ ಅಕ್ಷರ, ಅಂಕಿ ತೋರಿಸಿ ನಿಂತುಬಿಡಬಹುದು. ಅದು ಕೆಟ್ಟಿದ್ದಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುವುದು. ಗುಡುಗು ಸಿಡಿಲು ಇದ್ದಾಗ ಪ್ಲಗ್ ತೆಗೆದಿಡಿ. ಮನೆಯ ಮಾಮೂಲಿ ಯುಪಿಎಸ್ ಈ ಒಲೆಯ ಭಾರ ಹೊರುವುದಿಲ್ಲ.

ಒಲೆಯ ಹೊಟ್ಟೆಯೊಳಗೆ ಒಂದು ಪುಟ್ಟ ಫ್ಯಾನ್ ಇದೆ, ಅದು ಕೆಳಗಿನಿಂದ ಗಾಳಿ ಎಳೆಯುತ್ತದೆ. ಒಲೆಯ ಕೆಳಗೆ ಬಟ್ಟೆ, ಪೇಪರ್ ಹಾಸಬೇಡಿ. ಗೋಡೆಯಿಂದ ಒಂದು ಗೇಣು ಈಚೆಗಿಡಿ. ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಡಿ. ಮೊದಲು ಒಲೆಯ ಬಟನ್ ಒತ್ತಿ, ಫ್ಯಾನ್ ನಿಂತ ಮೇಲೆ ಗೋಡೆಯ ಸ್ವಿಚ್. ರಾಗಿ ಹಿಟ್ಟಿನ ಡಬ್ಬ ಪಕ್ಕದಲ್ಲಿಟ್ಟರೆ ಹಿಟ್ಟನ್ನೂ ಅದೇ ಫ್ಯಾನ್ ಎಳೆದುಕೊಳ್ಳುತ್ತದೆ. ಹಿಟ್ಟಿನ ಹಿಂದೆ ಇರುವೆ, ಜಿರಳೆ.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮೊದಲು ಡಾಕ್ಟರನ್ನು ಕೇಳಿ. ಉರಿಯುವ ಒಲೆಯಿಂದ ಎರಡಡಿ ದೂರ ಇರಬೇಕೆಂಬುದು ಸಾಮಾನ್ಯವಾಗಿ ಕೊಡುವ ಸಲಹೆ.

ಗಾಜಿನ ಆರೈಕೆ

ನಮ್ಮ ಹೆಂಗಸರಿಗೆ ಪಾತ್ರೆ ತಿಕ್ಕುವುದೆಂದರೆ ಬೂದಿ, ತೆಂಗಿನ ನಾರು, ಇಲ್ಲವೇ ಸ್ಟೀಲ್ ನಾರು. ಈ ಗಾಜಿಗೆ ಮೂರೂ ಬೇಡ. ಗೀರು ಬೀಳುತ್ತದೆ, ಗೀರೇ ಮುಂದೆ ಬಿರುಕಿಗೆ ದಾರಿಯಾಗಬಹುದು. ಒಲೆ ತಣ್ಣಗಾದ ಮೇಲೆ ಒದ್ದೆ ಬಟ್ಟೆ, ಒಂದು ತೊಟ್ಟು ಪಾತ್ರೆ ಸೋಪು, ಆಮೇಲೆ ಒಣ ಬಟ್ಟೆ, ಇಷ್ಟೇ. ಕಲೆ ಹೋಗದಿದ್ದರೆ ಸ್ವಲ್ಪ ವಿನಿಗರ್. ನೀರು ಸುರಿದು ತೊಳೆಯಬಾರದು. ಪಾತ್ರೆಯ ತಳವನ್ನೂ ಒರೆಸಿ ಇಡಿ, ಒಂದು ಮರಳ ಕಾಳು ಸಾಕು ಗಾಜು ಗೀಚಲು.

ಬೆಲ್ಲದ ಪಾಕ ಉಕ್ಕಿದರೆ ಮಾತ್ರ ಪೂರಾ ತಣ್ಣಗಾಗುವವರೆಗೆ ಕಾಯಬೇಡಿ. ಸಕ್ಕರೆ, ಬೆಲ್ಲ ಗಾಜಿನ ಮೇಲೆ ಆರಿ ಗಟ್ಟಿಯಾದರೆ ಕೀಳುವಾಗ ಗಾಜಿನ ಚಕ್ಕೆಯನ್ನೂ ಕಿತ್ತುಕೊಂಡು ಬರಬಹುದು. ಇನ್ಫ್ರಾರೆಡ್ ಒಲೆಯಲ್ಲಿ ಈ ಕಾಟ ಹೆಚ್ಚು. ಒಲೆ ಆರಿಸಿ, ಬೆಚ್ಚಗಿರುವಾಗಲೇ ಕೈ ಸುಡದಂತೆ ದಪ್ಪ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಗಾಜಿನ ಮೇಲೆ ಚಾಕು, ಸೌಟು, ಮುಚ್ಚಳ ಇಡಬೇಡಿ. ಅವೂ ಕಾಯುತ್ತವೆ. ಮೇಲಿನ ಹಲಗೆಯಲ್ಲಿ ಕುಟ್ಟಾಣಿ, ಗಾಜಿನ ಸೀಸೆ ಇದ್ದರೆ ಜಾಗ ಬದಲಿಸಿ. ಕೂದಲೆಳೆಯಷ್ಟು ಬಿರುಕು ಕಂಡರೂ ಒಣಗಿದ ಕೈಯಲ್ಲಿ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ತೆಗೆದು ಪಕ್ಕಕ್ಕಿಡಿ. ಟೇಪ್, ಗೋಂದು, ಎಂ-ಸೀಲ್ ಯಾವುದೂ ಮದ್ದಲ್ಲ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಗಾಜು ಬದಲಿಸಬೇಕು, ಇಲ್ಲವೇ ಒಲೆಯನ್ನೇ ಬಿಡಬೇಕು.

ಲೆಕ್ಕ ಹಾಕಿ ಕೊಳ್ಳಿ

2012ರ ಸೆಪ್ಟೆಂಬರಿನಲ್ಲಿ ಸಬ್ಸಿಡಿ ಸಿಲಿಂಡರ್ ವರ್ಷಕ್ಕೆ ಆರೇ ಎಂದು ಕೇಂದ್ರ ಸರ್ಕಾರ ಹೇಳಿದಾಗ ಜನ ಇಂಡಕ್ಷನ್ ಸ್ಟವ್‌ಗೆ ಮುಗಿಬಿದ್ದರು. ತಮಿಳುನಾಡಿನ ನಮ್ಮ ಹಳ್ಳಿಗಳಲ್ಲಿ ಆಗ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟೇ ಇರುತ್ತಿರಲಿಲ್ಲ. ಒಲೆ ಕೊಂಡವರು ಅದರ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡರು. ಇವತ್ತು ಆ ಸ್ಥಿತಿ ಇಲ್ಲ. ಆದರೂ ಗ್ಯಾಸ್ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಒಂದು ಜೋಡೆತ್ತಿನ ಹಾಗೆ ಎರಡೂ ಇರಲಿ.

14.2 ಕೆಜಿ ಸಿಲಿಂಡರಿನಲ್ಲಿರುವ ಶಾಖ ಸುಮಾರು 180 ಯೂನಿಟ್ ಕರೆಂಟಿಗೆ ಸಮ. ಒಳ್ಳೆಯ ಗ್ಯಾಸ್ ಸ್ಟವ್‌ನಲ್ಲಿ ನೂರಕ್ಕೆ 68 ಪಾಲು ಪಾತ್ರೆಗೆ ಸೇರುತ್ತದೆ. ಇಂಡಕ್ಷನ್‌ನಲ್ಲಿ ಸುಮಾರು 85. ಅಂದರೆ ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಸುಮಾರು 145 ಯೂನಿಟ್ ಬೇಕು. ನಿಮ್ಮ ಊರಿನ ಸಿಲಿಂಡರ್ ಬೆಲೆಯನ್ನು 145ರಿಂದ ಭಾಗಿಸಿ. ಬಂದ ಮೊತ್ತಕ್ಕಿಂತ ನಿಮ್ಮ ಕರೆಂಟ್ ಯೂನಿಟ್ ದರ ಕಡಿಮೆ ಇದ್ದರೆ ಲಾಭ, ಹೆಚ್ಚಿದ್ದರೆ ನಷ್ಟ. ತಮಿಳುನಾಡಿನಲ್ಲಿ 2016ರಲ್ಲಿ ಮನೆಗಳಿಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತ ಮಾಡಿದರು. ಅದರ ಮೇಲೆ ಬಳಕೆ ಏರಿದಂತೆ ದರವೂ ಏರುತ್ತದೆ. ಅತ್ತಿಬೆಲೆ ದಾಟಿದರೆ ಕರ್ನಾಟಕದಲ್ಲಿ 2023ರ ಗೃಹಜ್ಯೋತಿ. ಹಳೆಯ ಸರಾಸರಿಯ ಮೇಲೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ ಮಿತಿ ಕಟ್ಟಿದರು. ಗಡಿಯ ಆಚೆ ಈಚೆ ಬೀಗರು ಒಂದೇ ಒಲೆ ಕೊಂಡರೂ ಬಿಲ್ಲು ಬೇರೆ ಬರುತ್ತದೆ. ಬೀಗರ ಮಾತು ಕೇಳಿ ಕೊಳ್ಳಬೇಡಿ, ನಿಮ್ಮ ಬಿಲ್ಲು ನೋಡಿ ಕೊಳ್ಳಿ.

ಮುದ್ದೆ ಮಾಡುವ ಬಗೆ

ಕೊನೆಗೆ ನಮ್ಮ ಮನೆಯ ಸಂಗಟಿಗೆ ಬರುತ್ತೇನೆ. ಮಗ ಎರಡನೇ ಸಲ ಒಲೆ ತಂದಾಗ ಅಮ್ಮ ಒಂದೇ ಮಾತು ಹೇಳಿದಳು. "ಒರೇ ನಾಯನಾ, ಮೀ ನಾಯನಮ್ಮ ಸಂಗಟಿ ಕಿಂದ ಪೆಟ್ಟಿ ಗೆಲಿಕೇದಿ ಕದಾ." ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ಮಡಕೆಯಲ್ಲಿ ಹಿಟ್ಟು ಬೇಯಿಸಿ, ಮಡಕೆ ಒಡೆದೀತೆಂದು ಕೆಳಗಿಳಿಸಿ ಸಿಂಬಿಯ ಮೇಲಿಟ್ಟು ತೊಳಸುತ್ತಿದ್ದಳಂತೆ. ಅಲ್ಯೂಮಿನಿಯಂ ಬಂದ ಮೇಲೆ ಒಲೆಯ ಮೇಲೇ ತೊಳಸುವ ಚಾಳಿ ಬಂತು. ಮಡಕೆಗೆ ಮಾಡಿದ ಉಪಾಯವೇ ಗಾಜಿಗೂ ಉಪಾಯ. ಸರ್ವಿಸ್ ಸೆಂಟರಿನ ಹುಡುಗನೂ ಹೇಳದಿದ್ದುದನ್ನು ಅಮ್ಮ ಹೇಳಿದಳು.

ಈಗ ನಾವು ಮಾಡುವುದು ಹೀಗೆ. ಒಂದು ಅಳತೆ ಹಿಟ್ಟಿಗೆ ಎರಡು ಅಳತೆ ನೀರು, ಚಿಟಿಕೆ ಉಪ್ಪು. 1600 ವಾಟಿನಲ್ಲಿ ನೀರು ಮರಳಿಸಿ, ಹಿಟ್ಟು ನಡುವೆ ಗುಡ್ಡೆ ಹಾಕಿ, 500ಕ್ಕೆ ಇಳಿಸಿ ಮುಚ್ಚುತ್ತೇವೆ. ಐದಾರು ನಿಮಿಷ ಬೇಯುತ್ತದೆ. ಪಾತ್ರೆಯನ್ನು ನಾನು ಇಳಿಸಿ ನೆಲದ ಮೇಲೆ ಬಟ್ಟೆಯ ಸಿಂಬಿಯ ಮೇಲಿಡುತ್ತೇನೆ. ಕವೆಗೋಲಿನಿಂದ ಪಾತ್ರೆ ಅದುಮಿ ಹಿಡಿಯುವವಳು ಸೊಸೆ, ಕೋಲು ಅಮ್ಮನ ಕೈಯಲ್ಲಿ. ದಪ್ಪ ತಳದ ಪಾತ್ರೆಯಾದ್ದರಿಂದ ಶಾಖ ಬೇಗ ಇಳಿಯುವುದಿಲ್ಲ. ಗಂಟು ಒಡೆದ ಮೇಲೆ ಅಂಚಿಗೆ ನೀರು ಚಿಮುಕಿಸಿ, ತಳ ಒರೆಸಿ, ಮತ್ತೆ ಒಲೆಯ ಮೇಲೆ ಎರಡು ನಿಮಿಷ. ಪಾತ್ರೆಯನ್ನು ಎಳೆಯುವುದಿಲ್ಲ, ಕುಕ್ಕುವುದಿಲ್ಲ, ಎತ್ತಿ ಮೆಲ್ಲಗೆ ಇಡುತ್ತೇವೆ.

ಎರಡು ವರ್ಷವಾಯಿತು, ಗಾಜಿಗೆ ಗೀರಿಲ್ಲ. ಅಮ್ಮನ ಕೆಮ್ಮು ಪೂರ್ತಿ ಹೋಗಿಲ್ಲ, ಅರವತ್ತು ವರ್ಷದ ಹೊಗೆ ಎರಡು ವರ್ಷಕ್ಕೆ ಹೋಗುವಂಥದ್ದಲ್ಲ. ಆದರೆ ಅದಾದ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ನಮ್ಮಾಕೆ ಈಗಲೂ ಅಡುಗೆಮನೆಗೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾಳೆ. ಅರ್ತು ಸರಿಮಾಡಿಸಿದ್ದೀನಲ್ಲಾ ಅಂದರೆ, "ಇರ್ಲಿ ಬಿಡಿ, ನೀವು ಒಂದ್ಸಲ ಟೇಪ್ ಅಂಟಿಸಿದವರಲ್ವಾ" ಅನ್ನುತ್ತಾಳೆ.

ಹಿತ್ತಿಲಿನ ಸೌದೆ ಒಲೆಯಲ್ಲಿ ಈಗ ನಾಟಿಕೋಳಿಯೊಂದು ಕಾವಿಗೆ ಕೂತಿದೆ. ಅದನ್ನು ಎಬ್ಬಿಸುವ ಅಗತ್ಯ ನಮಗಿನ್ನೂ ಬಂದಿಲ್ಲ.